ಕಾಕೂ ಮಾಡಿದ ಸೆನ್ಸಾರು

ನಾವು ಸಿನಿಮಾ ಮಾಡಹೊರಟ ಕಾದಂಬರಿಯಲ್ಲಿ ಅಣ್ಣ ಹೊಲದ ಬದುವಿನ ಜಗಳಕ್ಕೆ ತಮ್ಮನನ್ನು ಕಬ್ಬು ಕಡಿಯುವ ಕೊಯ್ತಾದಿಂದ ಕೊಚ್ಚಿ ಹಾಕುತ್ತಾನೆ. ಆ ಪುಟ ಓದಿ ನನಗೆ ಊಟ ಸೇರಿರಲಿಲ್ಲ. ಸಿನಿಮಾಕ್ಕೆ ಇಷ್ಟು ಘೋರ ಬೇಡವೆಂದು ನಮ್ಮ ನಿರ್ದೇಶಕರು ಅದನ್ನು ಮೆತ್ತಗೆ ಮಾಡಿದರು. ಅಣ್ಣ ತಮ್ಮನ ಕಬ್ಬಿಗೆ ಬೆಂಕಿ ಇಡುತ್ತಾನೆ, ಅಷ್ಟೇ.

ಶೂಟಿಂಗಿಗೆ ಹೊಲ ಕೇಳಲು ನಾನು ಸದಲಗಾಕ್ಕೆ ಹೋದೆ. ಊರಿಗೆಲ್ಲ ಚಿಕ್ಕಮ್ಮನಂತಿದ್ದ ಹೊಲದೊಡತಿ ಕಾಕೂ ಚಹಾ ಕೊಟ್ಟು, "ಕತಿ ಏನೈತಿ ಹೇಳ್ರಿ" ಅಂದರು. ಕೊಲೆ ತೆಗೆದುಹಾಕಿದ ನಮ್ಮ ದೊಡ್ಡತನವನ್ನೂ ಸೇರಿಸಿಯೇ ಹೇಳಿದೆ. ಬೆಂಕಿ ನಿಜವಲ್ಲ, ಕಂಪ್ಯೂಟರಿನಲ್ಲಿ ಹಚ್ಚುತ್ತೇವೆ ಅಂತಲೂ ಅಂದೆ.

ಕಾಕೂ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟರು.

"ನಿಂತ ಕಬ್ಬಿಗೆ ಬೆಂಕಿ? ಮನ್ಯಾಗ ಸಣ್ಣ ಹುಡುಗೂರ ಅದಾರ, ಇಂಥಾದ್ದು ಮಾತಾಡಬ್ಯಾಡ್ರಿ!"

"ಕೊಲೆ ನೋಡಿ ಜನ ಹೆದರ್ತಾರೆ ಅಂತ, ಕಾಕೂ..."

"ಬುಕ್ಕಿನ್ಯಾಗ ಇದ್ದಂಗ ಆ ತಮ್ಮನ್ನ ಕಡಿಸಿಬಿಡ್ರಿ. ಮಂದಿ ಕಣ್ಣೀರ ಹಾಕಿ ಮನಿಗಿ ಹೋಗ್ತಾರ. ಕಬ್ಬ ಸುಡೂದ ನೋಡಿ ಯಾರಿಗಿ ನಿದ್ದಿ ಬರ್ತೈತಿ?"

ನಮಗೆ ಹೊಲ ಬೇಕಿತ್ತು. ಫೋನಿನಲ್ಲಿ ನಿರ್ದೇಶಕರು ಗೊಣಗುತ್ತಲೇ ಒಪ್ಪಿದರು. ಕೊಲೆ ವಾಪಸು ಬಂತು.

ಶೂಟಿಂಗಿನ ದಿನ ತಮ್ಮನ ಪಾತ್ರದವನು ರಕ್ತದಲ್ಲಿ ತೊಯ್ದು ವಾಲುತ್ತಿದ್ದಾಗ ಕ್ಯಾಮೆರಾ ಹಿಂದಿನಿಂದ ಕಾಕೂ ಕೂಗಿದರು: "ಏ ಯಪ್ಪಾ, ಕಬ್ಬಿನ ಮ್ಯಾಲ ಬೀಳಬ್ಯಾಡೋ! ಬದುವಿನ ಮ್ಯಾಲ ಬೀಳ!"

ಅವನು ವಿಧೇಯನಾಗಿ ಎರಡು ಹೆಜ್ಜೆ ಈಚೆ ಬಂದು ಬದುವಿನ ಮೇಲೆ ಸತ್ತ.

ಸಿನಿಮಾ ನೋಡಿದ ಕಾದಂಬರಿಕಾರರು ನಿರ್ದೇಶಕರನ್ನು ತಬ್ಬಿಕೊಂಡರು. "ಜಗಳವಾಡಿದ ಬದುವಿನ ಮೇಲೆಯೇ ಅವನನ್ನು ಕೆಡವಿದಿರಲ್ಲ, ಬರೆದ ನನಗೇ ಇದು ಹೊಳೆದಿರಲಿಲ್ಲ!"

ನಿರ್ದೇಶಕರು ವಿನಯದಿಂದ ತಲೆಬಾಗಿದರು. ನನ್ನ ಕಡೆ ಮಾತ್ರ ನೋಡಲಿಲ್ಲ.