ತಮತಮಗೆ ಸೂಕ್ತವೆನಿಸಿದ ಕ್ರಮ

ರಜನಿ ಹಿರೇಮಠ ಕಲಿಸುವ ವಿಷಯದ ಹೆಸರು ಸಾಮೂಹಿಕ ಭದ್ರತೆ. ಹುಬ್ಬಳ್ಳಿಯ ಒಂದು ಖಾಸಗಿ ಕಾನೂನು ಕಾಲೇಜಿನ ಅಂತರರಾಷ್ಟ್ರೀಯ ಕಾನೂನಿನ ಪತ್ರಿಕೆಯಲ್ಲಿ ಅದು ಕೊನೆಯ ಘಟಕ. ಕೊನೆಯ ಘಟಕವೆಂದರೆ ಮೇಷ್ಟ್ರುಗಳು ಓಡುತ್ತ ಮುಗಿಸುವಂಥದ್ದು, ಹುಡುಗರು ಧೈರ್ಯವಾಗಿ ಬಿಟ್ಟುಬಿಡುವಂಥದ್ದು. ರಜನಿ ಮಾತ್ರ ಹತ್ತೊಂಬತ್ತು ವರ್ಷಗಳಿಂದ ಅದನ್ನು ನಿಧಾನವಾಗಿ, ನಕಾಶೆ ಹರವಿಕೊಂಡು ಕಲಿಸುತ್ತ ಬಂದಿದ್ದಳು. ಆ ಹತ್ತೊಂಬತ್ತೂ ವರ್ಷ ಅವಳು ಅತಿಥಿ ಉಪನ್ಯಾಸಕಿ. ಇಷ್ಟು ಕಾಲ ಒಂದೇ ಮನೆಗೆ ಹೋಗಿ ಬರುವವರನ್ನು ಯಾರೂ ಅತಿಥಿ ಅನ್ನುವುದಿಲ್ಲ, ಆದರೆ ಕಾಲೇಜಿನವರ ರೀತಿಯೇ ಬೇರೆ. ಜೂನಿನಲ್ಲಿ ಹೊಸ ಆದೇಶ, ಏಪ್ರಿಲಿನಲ್ಲಿ ಬಿಡುಗಡೆ, ನಡುವೆ ಎರಡು ತಿಂಗಳು ದೇವರ ಮೇಲೆ ಭಾರ.

ಊರು ಗರಗ. ಅವ್ವ ಬಾಳವ್ವ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದವಳು. ಮಗಳು ಧಾರವಾಡದಲ್ಲಿ ಎಂಟು ವರ್ಷ ಕೂತು ಪಿಎಚ್.ಡಿ. ಮುಗಿಸಿದಾಗ ಬಾಳವ್ವ ಒಂದೇ ಮಾತು ಕೇಳಿದ್ದಳು.

"ನೀ ಏನ್ ಕಲಸ್ತಿ ಅಂತ ಮಂದಿ ಕೇಳಿದ್ರ ನಾ ಏನ್ ಹೇಳ್ಲಿ?"

"ಒಂದ್ ದೇಶದ ಮ್ಯಾಲ ಯಾರರೆ ಏರಿ ಬಂದ್ರ, ಉಳದವರೆಲ್ಲಾ ಕೂಡಿ ಅದರ ಬೆನ್ನಿಗೆ ನಿಲ್ಲಬೇಕಬೇ. ಆ ಕಾಯ್ದೆ ಕಲಸ್ತೇನಿ."

"ನಿಲ್ತಾರ?"

"ಒಮ್ಮೊಮ್ಮೆ."

"ಹಂಗಾರ ಇನ್ನೂ ಭಾಳ ವರ್ಷ ಕಲಸೂದು ಐತಿ ಬಿಡು," ಅಂದು ಬಾಳವ್ವ ಒಳಗೆ ಹೋಗಿದ್ದಳು.

ರಜನಿಯ ಪ್ರಬಂಧವೂ ಹೆಚ್ಚುಕಡಿಮೆ ಅದನ್ನೇ ನಾಲ್ಕುನೂರು ಪುಟಗಳಲ್ಲಿ ಹೇಳುತ್ತಿತ್ತು. ಪರಸ್ಪರ ಕಾಯುತ್ತೇವೆಂದು ದೇಶಗಳು ಒಪ್ಪಂದ ಮಾಡಿಕೊಳ್ಳುವಾಗ ಎಲ್ಲೋ ಒಂದು ಕಡೆ ಒಂದು ಸಡಿಲ ಮಾತು ಸೇರಿಸುತ್ತವೆ. ಆ ಸಡಿಲ ಮಾತು ಇರುವುದರಿಂದಲೇ ಎಲ್ಲರೂ ಸಹಿ ಮಾಡುತ್ತಾರೆ. ಪೆಟ್ಟು ಬಿದ್ದ ದಿನ ಅದೇ ಕಿಂಡಿಯಿಂದ ಎಲ್ಲರೂ ಜಾರಿಕೊಳ್ಳುತ್ತಾರೆ. ಮೌಖಿಕ ಪರೀಕ್ಷೆಗೆ ಬಂದವರು ತಲೆದೂಗಿ, ಊಟ ಮಾಡಿ, ರೈಲು ಹತ್ತಿದ್ದರು.

ಹೋದ ವರ್ಷ ಜುಲೈನಲ್ಲಿ ಕಾಲೇಜಿನ ಹತ್ತೂ ಜನ ಅತಿಥಿ ಉಪನ್ಯಾಸಕರು ವಿದ್ಯಾನಗರದ ಒಂದು ಹೋಟೆಲಿನಲ್ಲಿ ಕೂಡಿದರು. ಕೂಡಿಸಿದವನು ಮುಜಮ್ಮಿಲ, ಅಪರಾಧ ಕಾನೂನು ಕಲಿಸುವ ಮೂವತ್ತನಾಲ್ಕರ ತರುಣ. ವರ್ಷದ ನಡುವೆ ಕಾರಣವಿಲ್ಲದೆ ಯಾರನ್ನಾದರೂ ತೆಗೆದರೆ ಉಳಿದವರು ಒಬ್ಬರೂ ಕ್ಲಾಸಿಗೆ ಹೋಗಬಾರದು ಎಂಬುದು ಅವನ ಸೂಚನೆ. ಬರೆಯುವ ಕೆಲಸ ಸಹಜವಾಗಿಯೇ ರಜನಿಯ ಪಾಲಿಗೆ ಬಂತು. ಅವಳು ಅಲ್ಲೇ ಕೂತು ಬಿಗಿಯಾಗಿ ಬರೆದಳು: ನಮ್ಮಲ್ಲಿ ಒಬ್ಬರನ್ನು ತೆಗೆದರೆ ಉಳಿದವರೆಲ್ಲರೂ ಅಂದಿನಿಂದಲೇ ತರಗತಿಗಳನ್ನು ನಿಲ್ಲಿಸತಕ್ಕದ್ದು.

ಹಾಳೆ ಮೇಜಿನ ಸುತ್ತ ತಿರುಗಿತು. ಪೆನ್ನು ಯಾರ ಜೇಬಿನಿಂದಲೂ ಹೊರಬೀಳಲಿಲ್ಲ. ಕೊನೆಗೆ ಮಾಲತೇಶ ಎಂಬ ಹಳಬ ಗಂಟಲು ಸರಿಮಾಡಿಕೊಂಡ.

"ಮೇಡಂ, ಬರದದ್ದು ಛಲೋ ಐತ್ರಿ. ಆದ್ರ ಭಾಳ ಬಿಗಿ ಆತು. ಒಬ್ಬೊಬ್ಬರ ಮನ್ಯಾಗ ಒಂದೊಂದು ಇರತೈತಿ. ಒಂಚೂರು ಸಡಿಲ ಮಾಡ್ರಿ."

ಸಡಿಲ ಮಾಡಿದರೆ ಏನಾಗುತ್ತದೆಂದು ಧಾರವಾಡ ಜಿಲ್ಲೆಯಲ್ಲಿ ರಜನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಅವಳು ಸಡಿಲ ಮಾಡಿದಳು. ಉಳಿದವರು 'ತಮತಮಗೆ ಸೂಕ್ತವೆನಿಸಿದ ಕ್ರಮ ಕೈಗೊಳ್ಳತಕ್ಕದ್ದು' ಎಂದು ತಿದ್ದಿದಳು. ಐದು ನಿಮಿಷದಲ್ಲಿ ಹತ್ತು ಸಹಿ ಬಿದ್ದವು. ಆಮೇಲೆ ಎಲ್ಲರೂ ಹಗುರಾಗಿ ಗಿರಮಿಟ್ಟು, ಮಿರ್ಚಿ ತಿಂದರು. ಒಪ್ಪಂದವೇ ಇಲ್ಲದಿರುವುದಕ್ಕಿಂತ ಇದು ವಾಸಿ ಎಂದು ರಜನಿ ತನಗೆ ತಾನೇ ಹೇಳಿಕೊಂಡಳು. ಅವಳ ಪ್ರಬಂಧದ ಎಲ್ಲ ದೇಶಗಳೂ ಹಾಗೇ ಹೇಳಿಕೊಂಡಿದ್ದವು.

ಆಗಸ್ಟಿನಲ್ಲಿ ಆಡಳಿತ ಮಂಡಳಿ ಒಂದು ಕಾಯಂ ಹುದ್ದೆ ಪ್ರಕಟಿಸಿತು, ಅದೂ ಅಂತರರಾಷ್ಟ್ರೀಯ ಕಾನೂನಿಗೆ. ಸಂದರ್ಶನ ನವೆಂಬರಿನಲ್ಲಿ. ರಜನಿಗೆ ನಲವತ್ತಾರು ತುಂಬಿತ್ತು. ಇಂಥದ್ದು ಇನ್ನೊಮ್ಮೆ ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಪ್ರಿನ್ಸಿಪಾಲರಿಗೂ ಗೊತ್ತಿತ್ತು.

ಅಕ್ಟೋಬರಿನಲ್ಲಿ ಮಂಡಳಿಯವರೊಬ್ಬರ ಅಳಿಯನ ಆಂತರಿಕ ಅಂಕ ಏರಿಸಬೇಕೆಂದು ಮುಜಮ್ಮಿಲನಿಗೆ ಹೇಳಿಕಳಿಸಿದರು. ಹುಡುಗ ಪರೀಕ್ಷೆಗೇ ಬಂದಿಲ್ಲ, ಏರಿಸುವುದು ಯಾವುದನ್ನು ಎಂದು ಅವನು ಬರೆದು ಕೇಳಿದ. ಮರುದಿನದ ವೇಳಾಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ.

ಸುದ್ದಿ ಬಂದಾಗ ರಜನಿ ಧಾರವಾಡದಿಂದ ಬರುವ ಚಿಗರಿ ಬಸ್ಸಿನಲ್ಲಿದ್ದಳು. ನವಲೂರು ದಾಟುವುದರೊಳಗೆ ಎಲ್ಲರೂ ತಮತಮಗೆ ಸೂಕ್ತವೆನಿಸಿದ ಕ್ರಮ ಕೈಗೊಳ್ಳತೊಡಗಿದ್ದರು. ಒಬ್ಬರು ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು ಇದು ಖಂಡನೀಯ ಎಂದರು. ಮಾಲತೇಶ ಅರ್ಧ ದಿನ ರಜೆ ಹಾಕಿ, ಅದು ಪ್ರತಿಭಟನೆಯೆಂದೂ ಆದರೆ ಅರ್ಜಿಯಲ್ಲಿ ಹೊಟ್ಟೆನೋವೆಂದು ಬರೆದಿರುವೆನೆಂದೂ ತಿಳಿಸಿದ.

ಮುಜಮ್ಮಿಲ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ಚೀಲ ಇಟ್ಟುಕೊಂಡು ನಿಂತಿದ್ದ. ಒಬ್ಬನೇ ಇದ್ದ. ರಜನಿಯನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದ.

"ಬರ್ರಿ ಮೇಡಂ," ಅಂದ.

ಅವನ ಪಕ್ಕದಲ್ಲಿ ನಿಂತರೆ ಸಾಕಿತ್ತು, ಇನ್ನೇನೂ ಮಾಡಬೇಕಿರಲಿಲ್ಲ. ಇಬ್ಬರು ನಿಂತರೆ ಮೂರನೆಯವರು ಬರುತ್ತಿದ್ದರೇನೋ.

"ನಾ ಒಳಗ ಹೋಗಿ ಪ್ರಿನ್ಸಿಪಾಲರ ಜೋಡಿ ಮಾತಾಡಿ ಬರ್ತೇನಿ," ಅಂದಳು ರಜನಿ.

ಖರೇ ಮಾತಾಡಿದಳು. ಇದು ಸರಿಯಲ್ಲ ಸರ್ ಎಂದಳು. ಪ್ರಿನ್ಸಿಪಾಲರು ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಸಂದರ್ಶನ ಯಾವತ್ತೈತ್ರಿ ಮೇಡಂ?" ಅಂದರು. ಆಮೇಲೆ ವೇಳಾಪಟ್ಟಿಯನ್ನು ಅವಳ ಕಡೆ ತಿರುಗಿಸಿದರು. "ಮುಜಮ್ಮಿಲರ ಎರಡು ಪೀರಿಯಡ್ ನಿಮಗ ಹಾಕೇನಿ. ಹತ್ತಕ್ಕ ಒಂದೈತಿ ನೋಡ್ರಿ."

ಹತ್ತಕ್ಕೆ ಗಂಟೆ ಹೊಡೆಯಿತು, ಅವಳು ಹೋದಳು. ಕ್ಲಾಸಿನ ಕಿಟಕಿಯಿಂದ ಬೇವಿನ ಮರ ಕಾಣುತ್ತಿತ್ತು. ಆ ಕಡೆ ನೋಡಬಾರದೆಂದು ಗಂಟೆಯುದ್ದಕ್ಕೂ ಬೋರ್ಡಿಗೆ ಮುಖ ಮಾಡಿಯೇ ಪಾಠ ಮಾಡಿದಳು. ನಾಚಿಕೆಯಾಯಿತು. ಆದರೆ ನಾಚಿಕೆಯಾದ ಮಾತ್ರಕ್ಕೆ ಯಾರೂ ಪಾಠ ನಿಲ್ಲಿಸಿ ಹೊರಗೆ ಬರುವುದಿಲ್ಲ, ಅವಳೂ ಬರಲಿಲ್ಲ. ಹನ್ನೊಂದಕ್ಕೆ ನೋಡಿದಾಗ ಮರದ ಕೆಳಗೆ ಯಾರೂ ಇರಲಿಲ್ಲ.

ಹುದ್ದೆ ಅವಳಿಗೇ ಸಿಕ್ಕಿತು. ಯೋಗ್ಯತೆಗೆ ಸಿಕ್ಕಿತು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬಾಗಿಲಿಗೆ ಹೆಸರಿನ ಫಲಕ ಬಂತು, ವಿಭಾಗದಲ್ಲಿ ಬೇರೆ ಕಾಯಂ ಮಂದಿ ಇಲ್ಲದ್ದರಿಂದ ಮುಖ್ಯಸ್ಥೆ ಎಂಬ ಸೀಲೂ ಬಂತು.

ಫೆಬ್ರವರಿಯಲ್ಲಿ ಮುಜಮ್ಮಿಲ ಅನುಭವದ ಪ್ರಮಾಣಪತ್ರಕ್ಕಾಗಿ ಬಂದ. ಈಗ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದ, ಕರಿ ಕೋಟಿನ ತೋಳಿಗೆ ಧೂಳು ಹತ್ತಿತ್ತು. ಪ್ರಮಾಣಪತ್ರಕ್ಕೆ ವಿಭಾಗದ ಸಹಿ ಬೇಕಿತ್ತು.

"ಅಭಿನಂದನೆಗಳ್ರಿ ಮೇಡಂ," ಅಂದ. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ರಜನಿಗೆ ಅನುಕೂಲವಾಗುತ್ತಿತ್ತು.

ಅವಳು ಸಹಿ ಮಾಡಿ, ಸೀಲು ಒತ್ತಿ, ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡಳು.

"ಒಂದ್ ಮಾತ್ ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವತ್ತು ಹೋಟೆಲ್‌ನ್ಯಾಗ ನಾ ತಿದ್ದಿದ್ದು, ಅದನ್ನ ಓದಿ ಸಹಿ ಮಾಡಿದ್ರೇನು?"

"ವಕೀಲ ಆಗಿ ಓದಲಾರದ ಸಹಿ ಮಾಡ್ತೇನೇನ್ರಿ?" ಅವನು ನಕ್ಕ. "ಮೂರ್ ಸಲ ಓದಿದ್ದೆ."

"ಹಂಗಾರ ಯಾರೂ ಬರೂದಿಲ್ಲ ಅಂತ ಅವತ್ತ ಗೊತ್ತಿತ್ತಲ್ಲ."

ಮುಜಮ್ಮಿಲ ಕೈಚಾಚಿ ಹಾಳೆ ತೆಗೆದುಕೊಂಡ. ಸೀಲಿನ ಮಸಿ ಆರಿದೆಯೋ ಇಲ್ಲವೋ ನೋಡಿ, ಮಡಚದೆ ಫೈಲಿನಲ್ಲಿ ಇಟ್ಟುಕೊಂಡ.

"ಎಂಟು ಮಂದಿ ಬರೂದಿಲ್ಲ ಅಂತ ಗೊತ್ತಿತ್ರಿ," ಅಂದ. "ನಿಮ್ಮನ್ನ ಆ ಎಂಟು ಮಂದಿಯೊಳಗ ಹಿಡದಿದ್ದಿಲ್ಲ."