ಪಕ್ಕದ ಮನೆಯ ಕೇರೆ ಹಾವು

ಕಳೆದ ವಾರ ನಮ್ಮ ಪ್ರಾಣಿಶಾಸ್ತ್ರ ವಿಭಾಗಕ್ಕೆ ಯಾರೋ ಗೋಣಿಚೀಲದಲ್ಲಿ ಒಂದು ಹಾವು ತಂದರು. ಚೀಲದ ಬಾಯಿ ಬಿಚ್ಚಿದಾಗ ಒದ್ದೆ ಗೋಣಿಯ ಜೊತೆಗೆ ಹಳಸಿದ ಹಾಲಿನ ವಾಸನೆಯೂ ಬಂದಂತಾಯಿತು. ಅಲ್ಲಿ ಹಾಲಿರಲಿಲ್ಲ...

ಎಂಬತ್ತರ ದಶಕದಲ್ಲಿ ನಾವು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಸಾಲುಮನೆಯಲ್ಲಿದ್ದೆವು. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅಲ್ಲಿದ್ದವರನ್ನು ನಾನು ದೊಡ್ಡಪ್ಪ ಎನ್ನುತ್ತಿದ್ದೆ, ಸಂಬಂಧವೇನೂ ಇರಲಿಲ್ಲ. ಹೆಂಡತಿ ತೀರಿಕೊಂಡಿದ್ದರು. ಗಣಿಯ ಧೂಳು ಎದೆಯಲ್ಲಿ ಕೂತು ಕೆಲಸ ಬಿಟ್ಟಿದ್ದರು. ಒಂದು ದಿನ, ಗಣಿಯ ತ್ಯಾಜ್ಯದ ಮಣ್ಣು ಸುರಿದ ಸೈನೈಡ್ ದಿಬ್ಬದ ಬಳಿ ಜನ ಕಲ್ಲೆಸೆಯುತ್ತಿದ್ದ ಕೇರೆ ಹಾವೊಂದನ್ನು ಬಿಡಿಸಿ ತಂದು, ಗೋಣಿ ಹಾಸಿದ ತಗಡಿನ ಪೆಟ್ಟಿಗೆಯಲ್ಲಿಟ್ಟರು.

"ಮನೇಲಿ ಇನ್ನೊಂದು ಉಸ್ರು ಇರ್ಲಿ ಕಣಮ್ಮ" ಎಂದರು ನನ್ನ ಅಮ್ಮನಿಗೆ.

ಹಾವು ತಿನ್ನಲಿಲ್ಲ. ಅದರ ಹುರುಪೆಗಳ ಸಂದಿಯಲ್ಲಿ ಉಣ್ಣಿಗಳು ಕಚ್ಚಿಕೊಂಡಿದ್ದವು. ದೊಡ್ಡಪ್ಪ ಬಿಸಿಲಲ್ಲಿ ಕೂತು ಸೂಜಿಯಿಂದ ಒಂದೊಂದಾಗಿ ಬಿಡಿಸಿದರು. ಹಾಲಿಟ್ಟರು. ಅದು ಬಾಯಾರಿ ಕುಡಿದು, ಕಕ್ಕಿತು.

"ಅಲ್ಲಣ್ಣ, ಹಾಲಾಯ್ತು, ನಾಳೆಗೆ ಕಾಪಿ ಕಾಸ್ತೀರಾ? ಇಲಿ ಇಡಿದು ಆಕಿ" ಎಂದಳು ಅಮ್ಮ.

"ಆಗಾಕಿಲ್ಲಮ್ಮ. ಬಂಡೆ ಸಿಡಿಯಾಕ್ ಮುಂಚೆ ಕೆಳಗೆ ಗಣೀಲಿ ಇಲಿಗೇ ಗೊತ್ತಾಗೋದು. ಅವು ಓಡಿದ್ ಕಡೀಕೇ ಓಡಿ ಬದುಕ್ದೋರು ನಾವು. ನಮ್ ಬುತ್ತೀಲೂ ಅವುಕ್ಕೆ ಪಾಲಿತ್ತು."

ಅಮ್ಮ ಕಳಿಸಿದ ಮುದ್ದೆ ಹಾಗೇ ವಾಪಸು ಬರತೊಡಗಿತು. ಹಾವು ತಿನ್ನದೆ ತನಗೂ ಗಂಟಲಲ್ಲಿ ಇಳಿಯದು ಎನ್ನುತ್ತಿದ್ದರು. ಇಬ್ಬರೂ ಒಟ್ಟಿಗೇ ಸಣ್ಣಗಾದರು. ಹಾವು ಬಾಯಿ ತೆರೆದು, ಲೋಳೆಯ ನಡುವೆ ಸಿಳ್ಳೆಯಂತೆ ಉಸಿರೆಳೆಯುತ್ತಿತ್ತು. ದೊಡ್ಡಪ್ಪನ ಉಸಿರೂ ಹಾಗೆಯೇ. ಗೋಡೆಯ ಈಚೆ ಓದುತ್ತಾ ಕೂತಾಗ ಯಾವುದು ಯಾರದೆಂದು ನನಗೆ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಅವರು ನೀರಿಗೆಂದು ನಲ್ಲಿಯ ಬಳಿ ನಿಂತಿದ್ದಾಗ, ನಮ್ಮ ಬೋನಿಗೆ ಬಿದ್ದ ಇಲಿಯನ್ನು ಒಯ್ದು ಪೆಟ್ಟಿಗೆಗೆ ಬಿಟ್ಟೆ. ಹಾವು ತಿಂದರೆ ಅವರೂ ತಿನ್ನುತ್ತಾರೆ ಎಂದಷ್ಟೇ ನನ್ನ ಲೆಕ್ಕ.

ಬೆಳಿಗ್ಗೆ ಅವರು ಕರೆದರು. ಇಲಿ ಹಾವಿನ ಸುರುಳಿಯ ಮೇಲೆ ಕೂತು ಮುಂಗಾಲುಗಳಿಂದ ಮುಖ ಒರೆಸಿಕೊಳ್ಳುತ್ತಿತ್ತು. ಅದು ಕಡಿದು ತಿಂದು ಹಾವಿನ ಬೆನ್ನು ಅಂಗೈಯುದ್ದ ಹರಿದುಹೋಗಿ, ಒಳಗಿನ ಬಿಳಿ ಮೂಳೆ ಕಾಣುತ್ತಿತ್ತು. ನಾಲಗೆ ಮಾತ್ರ ಇನ್ನೂ ಆಡುತ್ತಿತ್ತು.

ದೊಡ್ಡಪ್ಪ ಇಲಿಯನ್ನು ಬೊಗಸೆಯಲ್ಲಿ ಎತ್ತಿ ಹಿತ್ತಿಲಿಗೆ ಬಿಟ್ಟರು. "ಯಾರು ಬಿಟ್ರೋ... ಅಸ್ಕೊಂಡದೆ ಅಂತ್ಲೇ ಬಿಟ್ಟವ್ರೆ" ಎಂದರು. ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನದೊಳಗೆ ಹಾವು ಸತ್ತಿತು. ಅಂದು ಅಮ್ಮ ಕಳಿಸಿದ ಮುದ್ದೆಯನ್ನು ಅವರು ಒಂದು ತುಣುಕೂ ಬಿಡದೆ ಉಂಡರು. ಅದಾದ ಮೇಲೂ ಎಷ್ಟೋ ದಿನ ಗೋಡೆಯಾಚೆ ನನಗೆ ಎರಡು ಉಸಿರು ಕೇಳಿಸುತ್ತಿತ್ತು... ಯಾರಿಗೂ ಹೇಳಲಿಲ್ಲ.

ನಾನು ಹಾಸ್ಟೆಲಿನಲ್ಲಿದ್ದಾಗ ಅವರು ತೀರಿಹೋದರು. ಕಾಡಿನಿಂದ ಹಿಡಿದು ತಂದ ಹಾವಿನ ಶ್ವಾಸಕೋಶದಲ್ಲಿ ಹುಳುಗಳಿರಬಹುದು, ಅಂಥದ್ದು ಏನು ಕೊಟ್ಟರೂ ತಿನ್ನದೇ ಇರಬಹುದು ಎಂದು ನಾನು ಓದಿದ್ದು ಆಮೇಲೆ. ಉಪವಾಸವಿರುವ ಹಾವಿನ ಬಳಿ ಜೀವಂತ ಇಲಿಯನ್ನು ಬಿಡಬಾರದೆಂದೂ ಅದೇ ಪುಟದಲ್ಲಿತ್ತು. ಅವರು ಬದುಕಿದ್ದು, ಮೊದಲನೆಯದನ್ನು ಹೇಳಿದ್ದರೆ ದೊಡ್ಡಪ್ಪನಿಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಅದನ್ನು ಹೇಳಿದ ಮೇಲೆ ಎರಡನೆಯದನ್ನೂ ಹೇಳಬೇಕಾಗುತ್ತಿತ್ತು. ಈಗ ಎರಡೂ ನನ್ನಲ್ಲೇ ಉಳಿದಿವೆ.