ಮೂರನೇ ನುಡಿಗೆ ನಿಂತ ಹಾಡು

ನಾನು ಕಟ್ಟಿದ ಹಾಡು, ನಾನು ಟಿಕೆಟ್ ಕೊಡುವ ಬಸ್ಸಿನಲ್ಲೇ, ಯಾರದೋ ಮೊಬೈಲಿನಿಂದ ದಿನಕ್ಕೊಮ್ಮೆಯಾದರೂ ಕೇಳಿಸುತ್ತದೆ. ಪುಣ್ಯ ಮಾಡಿದ್ದೀರಿ ಎನ್ನುತ್ತಾರೆ ಗೊತ್ತಿದ್ದವರು. ಹಾನಗಲ್ಲಿನಿಂದ ಶಿಗ್ಗಾಂವ, ಅಲ್ಲಿಂದ ಸವಣೂರು, ತಿರುಗಿ ಹಾನಗಲ್ಲು. ಡ್ಯೂಟಿ ಬದಲಾದರೆ ಹಿರೇಕೆರೂರು. ಇಪ್ಪತ್ತೆಂಟು ವರ್ಷ ಇದೇ ರಸ್ತೆಗಳಲ್ಲಿ ನಿಂತೇ ಓಡಾಡಿದವನ ಸೊಂಟಕ್ಕೆ ಪುಣ್ಯದ ಮಾತು ನಾಟುವುದಿಲ್ಲ. ಹಾಡು ಶುರುವಾದರೆ ನನಗೆ ಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಸುಸ್ತು.

ಸಿಟ್ಟು ಯಾಕೆಂದರೆ ಹಾಡು ಎಲ್ಲಿಯೂ ಪೂರ್ತಿ ಇರಲಿಲ್ಲ. ಅದಕ್ಕೆ ನಾಲ್ಕು ನುಡಿ. ಸವಣೂರಿನ ವೀಳ್ಯದೆಲೆ ತೋಟದಲ್ಲಿ ಬಳ್ಳಿ ಕಟ್ಟುವ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ನನಗೆ ಹಾರ್ಮೋನಿಯಂ ಪೇಟಿ ನುಡಿಸಲು, ಪದ ಕಟ್ಟಲು ಕಲಿಸಿದರು. ರಜೆ ಸಿಕ್ಕ ದಿನ ಹೋಗಿ ತೋಟದ ಬದುವಿನ ಮೇಲೆ ಕೂತು ಕಲಿತದ್ದು. ಪ್ರತಿಯಾಗಿ ಅವರು ಏನನ್ನೂ ಕೇಳಲಿಲ್ಲ. ನಮ್ಮ ಭಜನಾ ಮೇಳದಲ್ಲಿ ಪದ ಕಟ್ಟಿದವನು ಕಡೇ ನುಡಿಯಲ್ಲಿ ಗುರುವಿನ ಹೆಸರನ್ನು ಅಂಕಿತವಾಗಿ ಇಡುವುದು ರೂಢಿ. ಆ ಹೆಸರು ಬಂದಾಗ ತಾಳ ನಿಲ್ಲಿಸಿ, ಎಲ್ಲರೂ ಕೈ ಮುಗಿದು, ಮತ್ತೆ ಪಲ್ಲವಿಗೆ ಬರುತ್ತೇವೆ. ಎಲೆಬಳ್ಳಿಯ ಮೇಲೆ ಕಟ್ಟಿದ ಈ ಪದದ ನಾಲ್ಕನೇ ನುಡಿಯಲ್ಲಿ ನಾನು ಅವರ ಹೆಸರಿಟ್ಟೆ. ಕಟ್ಟಿದ ದಿನವೇ ನಾಲ್ಕೂ ನುಡಿಯನ್ನು ಅವರೆದುರು ಹಾಡಿದ್ದೆ. ಅವರಿಗೆ ಮಕ್ಕಳಿಲ್ಲ. ಹೊಲದ ಪಹಣಿ ಉತಾರದಲ್ಲೂ ಅವರ ಹೆಸರಿಲ್ಲ. ಈ ಒಂದು ಸಾಲಿನಲ್ಲಾದರೂ ಅದು ಉಳಿಯಲಿ ಎಂಬುದು ನನ್ನ ಆಸೆಯಾಗಿತ್ತು.

ಅಕ್ಕಿಆಲೂರಿನ ಕಾರ್ಯಕ್ರಮವೊಂದರಲ್ಲಿ ನಾವು ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ತಮ್ಮ ಚಾನೆಲ್ಲಿಗೆ ಹಾಕಿದರು. ಅದರಿಂದ ಇನ್ನೊಬ್ಬರು ಒಂದು ನಿಮಿಷದ ರೀಲ್ ಮಾಡಿದರು. ಮದುವೆ ವಿಡಿಯೊಗೆ ಅದೇ ಹಾಡು, ಟ್ರ್ಯಾಕ್ಟರ್ ಪೂಜೆಗೆ ಅದೇ ಹಾಡು, ರೊಟ್ಟಿ ಬಡಿಯುವ ವಿಡಿಯೊಗೂ ಅದೇ. ಒಬ್ಬರದರಲ್ಲಿ ಒಂದು ನುಡಿ, ಇನ್ನೊಬ್ಬರದರಲ್ಲಿ ಎರಡು. ನಾಲ್ಕನೆಯದಕ್ಕೆ ಯಾರಿಗೂ ಪುರುಸೊತ್ತಿಲ್ಲ ಎಂದು ಮನಸ್ಸಿನಲ್ಲೇ ಎಲ್ಲರನ್ನೂ ಬೈಯುತ್ತಿದ್ದೆ. ನಾನೂ ಒಂದು ಪೇಜ್ ತೆರೆದಿದ್ದೆ. ಮೊಬೈಲ್ ಕಳೆದುಹೋದಾಗ ಅದರ ಪಾಸ್‌ವರ್ಡೂ ಹೋಯಿತು, ಪೇಜೂ ಕೈಬಿಟ್ಟಿತು.

ಒಮ್ಮೆ ಶಿಗ್ಗಾಂವ ದಾಟಿದ ಮೇಲೆ ಕಿಟಕಿ ಪಕ್ಕದ ಯಜಮಾನರೊಬ್ಬರು ಅದನ್ನು ಜೋರಾಗಿ ಹಚ್ಚಿದ್ದರು.

“ಸ್ವಲ್ಪ ಸಣ್ಣ ಮಾಡ್ರಿ” ಎಂದೆ.

“ಕೇಳ್ರಿ ಕಂಡಕ್ಟರ್, ಎಂಥಾ ಪದ ಐತಿ. ಹಿಂದಿನ ಕಾಲದ ಯಾರೋ ಶರಣರು ಕಟ್ಟಿದ್ದು.”

“ನಾನ ಕಟ್ಟೇನ್ರಿ ಅದನ್ನ.”

ಅವರು ನನ್ನ ಖಾಕಿ ಅಂಗಿಯನ್ನೂ ಕೈಯಲ್ಲಿನ ಟಿಕೆಟ್ ಮಷಿನ್ನನ್ನೂ ನೋಡಿದರು. “ಹೌದ್ರಿ ಹೌದು, ಈ ಬಸ್ಸೂ ನಿಮ್ಮದ. ಮೊದಲ ಟಿಕೆಟ್ ಕೊಡ್ರಿ.”

ಅಕ್ಕಪಕ್ಕದವರೆಲ್ಲ ನಕ್ಕರು. ಸವಣೂರಿಗೆ ಒಂದು ಟಿಕೆಟ್ ಕೊಟ್ಟು ಹಿಂದಿನ ಸೀಟಿಗೆ ಹೋದೆ.

ಅದೇ ವಾರ ಸವಣೂರಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಾಗ ಗುರುಗಳ ಮನೆಗೆ ಹೋದೆ. ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಕಿವಿ ಮಾತ್ರ ಮೊದಲಿನ ಹಾಗೇ ಚುರುಕು. ಖುಷಿಪಡಲಿ ಎಂದು ಅಕ್ಕಿಆಲೂರಿನ ವಿಡಿಯೊ ಹಚ್ಚಿದೆ. ಅವರು ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ಮೂರನೇ ನುಡಿ ಮುಗಿಯುತ್ತಿದ್ದಂತೆ ಕೈ ನಿಲ್ಲಿಸಿ ಸ್ವಲ್ಪ ಮುಂದಕ್ಕೆ ಬಾಗಿದರು. ಹಾಡು ಅಲ್ಲಿಗೇ ನಿಂತು ಅಡಿಗೆ ಎಣ್ಣೆಯ ಜಾಹೀರಾತು ಬಂತು.

“ಮುಂದಿಂದು ಎಲ್ಲಿ ಹೋತೋ ತಮ್ಮಾ?”

“ಮೊಬೈಲಿನವರು ಕತ್ತರಿಸ್ಯಾರ್ರಿ ಅಜ್ಜಾರ.”

“ಹಂಗೇನು” ಎಂದರು. ಆ ಒಂದು ಮಾತು ವಾರಗಟ್ಟಲೆ ನನ್ನ ಜೊತೆ ಬಸ್ಸು ಹತ್ತಿ ಇಳಿಯಿತು.

ಶಿಗ್ಗಾಂವ ಬಸ್‌ಸ್ಟ್ಯಾಂಡಿನ ಎದುರು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇದೆ. ಅದನ್ನು ನಡೆಸುವ ಹೆಣ್ಣುಮಗಳಿಗೆ, ಹಾಡಿನ ಕಡೇ ನುಡಿಯನ್ನು ಎಲ್ಲಾದರೂ ಉಳಿಸಲು ಬರುತ್ತದೇನವ್ವಾ ಎಂದು ಕೇಳಿದೆ.

“ನಿಮ್ಮದ ಒಂದು ವೆಬ್‌ಸೈಟ್ ಮಾಡ್ರಿ ಕಾಕಾರ. ಮಂದಿ ಚಾನೆಲ್‌ದಾಗ ಅವರು ಇಟ್ಟಷ್ಟು ದಿನ, ಅವರು ಬಿಟ್ಟಷ್ಟು ಹಾಡು. ನಿಮ್ಮದರಾಗ ಪೂರ್ತಿ ಇರ್ತೈತಿ. ಕಟ್ಟಿದವರು ಯಾರು, ಕಲಿಸಿದವರು ಯಾರು, ಹಾಡಿಸಬೇಕಂದ್ರ ಯಾರಿಗೆ ಫೋನ್ ಮಾಡಬೇಕು, ಎಲ್ಲಾ ಒಂದ ಕಡೆ. ಮುಂದ ಹೊಸಾ ಪದ ಕಟ್ಟಿದ್ರೂ ಮೊದಲ ಅಲ್ಲೇ ಹಾಕ್ರಿ.”

ನನಗೆ ತಕ್ಷಣ ತಿಳಿಯಿತು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರ ಜಗಳ ಬಿಡಿಸಿ ಬಿಡಿಸಿ ಸಾಕಾದವನು ನಾನು. ಟವೆಲ್ ತಮ್ಮದೆಂದು ಸೀಟೂ ತಮ್ಮದೇ ಎನ್ನುತ್ತಾರೆ. ಯಾರಾದರೂ ಎತ್ತಿ ಪಕ್ಕಕ್ಕಿಟ್ಟು ಕೂತರೆ ಮುಗಿಯಿತು. ಮಂದಿಯ ಚಾನೆಲ್ಲಿನಲ್ಲಿ ನನ್ನ ಹಾಡೂ ಟವೆಲ್ಲಿನ ಹಾಗೇ ಬಿದ್ದಿತ್ತು.

“ಹಾಡು ಹೇಳ್ರಿ, ಟೈಪ್ ಮಾಡ್ತೇನಿ” ಎಂದಳು. ಮೂರು ನುಡಿ ಸರಾಗವಾಗಿ ಹೇಳಿದೆ. ನಾಲ್ಕನೆಯದರ ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಬಾಯಲ್ಲೇ ಕಟ್ಟಿದ ಪದ, ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕಾದಳು. ಹಿರೇಕೆರೂರಿನಲ್ಲಿರುವ ನಮ್ಮ ಮೇಳದ ತಬಲಾದವನಿಗೆ ಫೋನ್ ಮಾಡಿದೆ.

“ನಾಕನೇದ? ಮೂರಕ್ಕ ಬಿಡ್ತೇವಲ್ರೀ ನಾವು” ಎಂದ ಅವನು.

ಆಗ ಅಕ್ಕಿಆಲೂರಿನ ಆ ವಿಡಿಯೊವನ್ನು ಮೊದಲಿನಿಂದ ಕಡೆಯವರೆಗೆ ಕಣ್ಣಿಟ್ಟು ನೋಡಿದೆ. ಹಾಕಿದವರು ಏನನ್ನೂ ಕತ್ತರಿಸಿರಲಿಲ್ಲ. ಮೂರನೇ ನುಡಿ ಮುಗಿಯುತ್ತಲೇ ನಾನೇ ತಬಲಾದವನಿಗೆ ಕಣ್ಸನ್ನೆ ಮಾಡಿ, ಪೇಟಿ ಮುಚ್ಚಿ, ಸೊಂಟ ಹಿಡಿದುಕೊಂಡು ಎದ್ದಿದ್ದೆ. ವೇದಿಕೆಯವರು ಬೇಗ ಮುಗಿಸಿ ಎನ್ನುತ್ತಾರೆ, ಮುಂಜಾನೆ ಡ್ಯೂಟಿ ಇರುತ್ತದೆ, ಕೊನೆಯ ಬಸ್ಸು ಕಾಯುವುದಿಲ್ಲ. ಹೀಗೇ ಎಷ್ಟು ವರ್ಷದಿಂದ ಬಿಟ್ಟಿದ್ದೆನೋ ನನಗೇ ಗೊತ್ತಿಲ್ಲ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮುಂದಿನ ಸವಣೂರು ಡ್ಯೂಟಿಯಲ್ಲಿ ಗುರುಗಳ ಎದುರು ಕೂತೆ. ಬರೆದುಕೊಳ್ಳಲು ಟಿಕೆಟ್ ಮಷಿನ್ನಿನ ಖಾಲಿ ರೋಲ್ ಹರಿದು ಇಟ್ಟುಕೊಂಡಿದ್ದೆ.

“ಕಡೇ ನುಡಿ ಮರತೇನ್ರಿ ಅಜ್ಜಾರ.”

ಅವರು ಯಾಕೆಂದು ಕೇಳಲಿಲ್ಲ. ಒಂದೇ ಉಸಿರಿಗೆ ಹೇಳುತ್ತ ಹೋದರು. ಕಡೇ ಸಾಲಿನಲ್ಲಿ ತಮ್ಮ ಹೆಸರು ಬರುವಷ್ಟರಲ್ಲಿ ನಿಲ್ಲಿಸಿ, “ಮುಂದಿಂದು ನಿನಗ ಗೊತ್ತೈತಿ” ಎಂದರು. ಗೊತ್ತಿತ್ತು. ಹೆಸರು ಬರೆದುಕೊಂಡೆ. ಕತ್ತರಿಸಿದವನು ನಾನೇ ಎಂದು ಹೇಳಲು ಮಾತ್ರ ಬಾಯಿ ಬರಲಿಲ್ಲ.

ಹಿರೇಕೆರೂರಿನಲ್ಲಿ ತಬಲಾದವನ ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡಿದೆವು. ಅಂಗಡಿಯ ಹೆಣ್ಣುಮಗಳು ಅದನ್ನು ನನ್ನ ವೆಬ್‌ಸೈಟಿಗೆ ಹಾಕಿದಳು. ಹಾಡು ಪೂರ್ತಿ, ಕೆಳಗೆ ನಾಲ್ಕು ನುಡಿಯ ಅಕ್ಷರ, ಅದರ ಕೆಳಗೆ ಗುರುಗಳ ಹೆಸರು. ಬಸ್ಸಿನಲ್ಲಿ ಇನ್ನೂ ಆ ತುಂಡುಗಳೇ ಕೇಳಿಸುತ್ತವೆ, ಸುಸ್ತೂ ಹಾಗೇ ಇದೆ. ಆದರೆ ಪೂರ್ತಿ ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗೆ ಈಗ ಹೇಳಲು ಒಂದು ಜಾಗ ಇದೆ.

ಮೊದಲು ಕೇಳಿಸಿದ್ದು ಗುರುಗಳಿಗೆ. ಹೆಸರು ಬಂತು, ತಾಳ ನಿಂತಿತು, ಮತ್ತೆ ಪಲ್ಲವಿ ಬಂತು.

“ಈ ಸಲ ಛಲೋ ಆತು ತಮ್ಮಾ” ಎಂದರು ಗುರುಗಳು. “ಹೋದ ಸಲದ್ದರಾಗ ಕಡೀಕ ನೀ ಪೇಟಿ ಮುಚ್ಚಿದ ಸಪ್ಪಳ ಕೇಳಿತ್ತು.”

ನಾನು ಅವರ ಕಾಲು ಹಿಡಿದೆ.

“ಇರ್ಲಿ, ಏಳು. ಇನ್ನೊಮ್ಮೆ ಹಚ್ಚು” ಎಂದರು.